ಹೊರಡುವಾಗ ಹೇಳುವ ಮಾತು

ಜಗಲಿಯ ಕರಿಹಲಗೆಯ ಮೇಲೆ ಸಿಸ್ಟರ್ ಪ್ಲಾಸಿಡಾ ತಮ್ಮ ದುಂಡು ಅಕ್ಷರದಲ್ಲಿ ‘ಸತ್ಯ’ ಎಂದು ಬರೆದಿದ್ದರು. ಮಳೆಗಾಲದ ಥಂಡಿಗೆ ಸೀಮೆಸುಣ್ಣ ಹಲಗೆಗೆ ಸರಿಯಾಗಿ ಹಿಡಿಯದೆ ಒತ್ತಕ್ಷರದ ಕಾಲು ಕೆಳಗೆ ಇಳಿದಿತ್ತು. ಹರಿಣಾಕ್ಷಿ ಕೊಡೆ ಮಡಚಿ ಗೋಡೆಗೆ ಒರಗಿಸುತ್ತ ಅದನ್ನು ನೋಡಿದಳು, ನೋಡಬಾರದು ಅಂದುಕೊಂಡೇ ಬಸ್ಸಿನಿಂದ ಇಳಿದಿದ್ದವಳು. ಇಗರ್ಜಿ ಶಾಲೆಯಲ್ಲಿ ತಿಂಗಳಿಗೊಂದು ಗುಣ. ಜೂನಿಗೆ ವಿಧೇಯತೆ, ಜುಲೈಗೆ ಸತ್ಯ, ಆಗಸ್ಟಿಗೆ ದೇಶಪ್ರೇಮ. ತಿಂಗಳ ಮೊದಲ ಶುಕ್ರವಾರ ಕ್ರೈಸ್ತ ಮಕ್ಕಳು ಪೂಜೆ ಮುಗಿಸಿ ಇಗರ್ಜಿಯಿಂದ ಸಾಲಾಗಿ ಬರುವಷ್ಟರಲ್ಲಿ ಹಲಗೆಯ ಮೇಲೆ ಹೊಸ ಶಬ್ದ ಇರುತ್ತಿತ್ತು. ಅದನ್ನು ನೆಲೆಯಾಗಿಟ್ಟುಕೊಂಡು ಟೀಚರುಗಳು ಆ ತಿಂಗಳ ನೀತಿಪಾಠ ಹೇಳಬೇಕು. ಗುಣ ಕಂಡುಬಂದ ಮಗುವಿಗೆ ಸಿಸ್ಟರ್ ತಮ್ಮ ನಿಲುವಂಗಿಯ ಜೇಬಿನಿಂದ ಒಂದು ಚಿತ್ರಪಟ ತೆಗೆದು ಕೊಡುತ್ತಿದ್ದರು. ಜೂನ್ ತಿಂಗಳು ಹೇಗೋ ಕಳೆದಿತ್ತು. ಜುಲೈ ಬರುತ್ತದೆಂದು ಅವಳಿಗೆ ಗೊತ್ತೇ ಇತ್ತು, ಆದರೆ ಗೊತ್ತಿರುವುದಕ್ಕೂ ಎದುರು ನಿಲ್ಲುವುದಕ್ಕೂ ನಡುವೆ ಇಷ್ಟು ದೂರ ಇರುತ್ತದೆಂದು ಗೊತ್ತಿರಲಿಲ್ಲ. ಬೆಳಿಗ್ಗೆ ನಾವುಂದದ ಮನೆಯಲ್ಲಿ ಅಬ್ಬಿ ಎಂದಿನಂತೆ ಬಾಗಿಲವರೆಗೆ ಬಂದು, ಕೈಯಲ್ಲಿ ಹಿಡಿಸೂಡಿ ಹಿಡಿದೇ ನಿಂತಿದ್ದಳು. ಮಗಳು ‘ಬತ್ತೆ’, ಬರುತ್ತೇನೆ, ಅನ್ನಬೇಕು, ತಾನು ‘ಹೋಯ್ ಬಾ’ ಅನ್ನಬೇಕು, ಆಮೇಲೆ ಗುಡಿಸಲು ಹೋಗಬೇಕು. ಅವಳ ದಿನ ಹಾಗೆ ಶುರುವಾಗುವುದು. ಹರಿಣಾಕ್ಷಿ ಕೊಡೆಯನ್ನು ಸ್ವಲ್ಪ ಎತ್ತಿ ತೋರಿಸಿ ಮೆಟ್ಟಿಲಿಳಿದಳು. ಒಂದು ವರ್ಷದಿಂದ ಹಾಗೇ. ಅಬ್ಬಿ ಕೇಳುವುದನ್ನೂ ಬಿಟ್ಟಿದ್ದಾಳೆ. ಮಗಳ ಬೆನ್ನಿಗೆ ‘ಹೋಯ್ ಬಾ’ ಎಂದು ತಾನೇ ಹೇಳಿ ಒಳಗೆ ಹೋಗುತ್ತಾಳೆ.

ಗದ್ದೆಯ ಕಡೆಯಿಂದ ಒಂದು ಗೊರಬು ಬರುತ್ತಿತ್ತು. ಬೆನ್ನಿನ ಮೇಲೆ ಕವಚಿಕೊಂಡ ಆ ಎಲೆಯ ಗೂಡಿನ ಕೆಳಗೆ ನಾಲ್ಕು ಕಾಲು. ಎರಡು ದೊಡ್ಡವು, ಎರಡು ಸಣ್ಣವು. ಮುಖ ಕಾಣುವ ಮೊದಲೇ ನಡಿಗೆಯಿಂದ ಅದು ಸೀತು ಎಂದು ಹರಿಣಾಕ್ಷಿಗೆ ಗೊತ್ತಾಯಿತು. ತರಗತಿಯ ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಲ್ಲಬಹುದಿತ್ತು. ಮಕ್ಕಳನ್ನು ಸೇರಿಸುವವರು ಸಿಸ್ಟರ್ ಹತ್ತಿರ ಹೋಗುವುದು, ಟೀಚರ್ ಹತ್ತಿರ ಅಲ್ಲ. ಆದರೆ ಸೀತು ಆಫೀಸಿನ ಕಡೆ ತಿರುಗದೆ ನೇರ ಜಗಲಿಗೆ ಬಂದಳು. ಗೊರಬು ಇಳಿಸಿ ಗೋಡೆಗೆ ನಿಲ್ಲಿಸಿ, ಸೆರಗಿನಿಂದ ಮಗುವಿನ ತಲೆ ಒರಸಿದಳು. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಎರಡು ಜಡೆ, ಉದ್ದವಾದ ಲಂಗ. ಲಂಗದ ಅಂಚನ್ನು ಒಳಗೆ ಮಡಚಿ ಹೊಲಿದಿದ್ದರು. ಅಂಚು ಮಡಚದೆ ಅದೇ ಲಂಗ ತೊಟ್ಟು ಇದೇ ಜಗಲಿಯಲ್ಲಿ ಓಡಾಡಿದ ಇನ್ನೊಬ್ಬಳು ಹರಿಣಾಕ್ಷಿಗೆ ನೆನಪಾದಳು. ಜೂನಿನಲ್ಲೇ ಸೇರಿಸಬೇಕಿತ್ತು, ಮನಸ್ಸು ಬರಲಿಲ್ಲ ಎಂದು ಸೀತು ನೆಲ ನೋಡುತ್ತ ಹೇಳಿದಳು. ಬೊಂಬಾಯಿಯ ಹೋಟೆಲಿನಲ್ಲಿರುವ ಗಂಡ, ಸಣ್ಣದನ್ನಾದರೂ ಓದಿಸು ಎಂದು ಊರಿಗೆ ಬಂದವರ ಹತ್ತಿರ ಹೇಳಿ ಕಳಿಸಿದ್ದನಂತೆ. ಬೇರೆ ಶಾಲೆ ಅಂದರೆ ತ್ರಾಸಿಯ ಕಡೆ ನಡೆಯಬೇಕು, ಮಗುವಿನ ಈ ಸಣ್ಣ ಕಾಲಿಗೆ ಅದು ಆಗುವುದಿಲ್ಲ. ಹೆಸರು ಅಮ್ಮಣಿ. ಹರಿಣಾಕ್ಷಿ ಎಲ್ಲದಕ್ಕೂ ತಲೆಯಾಡಿಸಿದಳು. ಮಳೆಯ ಬಗ್ಗೆ, ಗದ್ದೆಯ ನೀರಿನ ಬಗ್ಗೆ ಏನಾದರೂ ಹೇಳಬೇಕೆಂದು ಹುಡುಕಿದಳು. ಆಗ ಸೀತು ಮಗುವನ್ನು ಸ್ವಲ್ಪ ಮುಂದಕ್ಕೆ ನೂಕಿ, ದನಿ ಏರಿಸದೆ, ಅಂಗಡಿಯಲ್ಲಿ ಉಪ್ಪು ಕೇಳುವ ಹಾಗೆ ಕೇಳಿದಳು:

“ಇದ್ಕೆ ಎಲ್ಲ ಕಲ್ಸಿ ಟೀಚರ್. ಆ ಒಂದ್ ಮಾತ್ ಮಾತ್ರ ಕಲ್ಸುದ್ ಬ್ಯಾಡ.”

“ಯಾವ ಮಾತು?” ಎಂದಳು ಹರಿಣಾಕ್ಷಿ. ಕೇಳಿದ ಕ್ಷಣವೇ ತನ್ನ ಮೇಲೆ ಅವಳಿಗೆ ಹೇಸಿಗೆಯಾಯಿತು. ಹಲಗೆಯ ಮೇಲಿನ ಶಬ್ದ ಅವಳ ಬೆನ್ನ ಹಿಂದೆಯೇ ಇತ್ತು.

“ಹೊರಡೊತ್ತಿಗೆ ಹೇಳುದ್,” ಎಂದಳು ಸೀತು. “ನಮ್ಮಲ್ಲ್ ‘ಬತ್ತೆ’ ಅಂದೇಳಿಯೇ ಹೊರಡುದ್.”

ಇಷ್ಟೇ. ಬೈಗುಳ ಇಲ್ಲ, ಅಳು ಇಲ್ಲ. ಒಂದು ವರ್ಷದಿಂದ ಇವಳಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಿರಲಿಕ್ಕಿಲ್ಲ ಎಂದು ತಾನು ಒಳಗೊಳಗೇ ಕಟ್ಟಿಕೊಂಡು ಬಂದಿದ್ದ ಗೋಡೆ ಅದಕ್ಕೇ ಬಿದ್ದುಹೋಯಿತು. ಸೀತು ಗೊರಬು ಎತ್ತಿಕೊಂಡು ಮಗುವಿಗೆ ಬತ್ತೆ ಎಂದಳು. ಮಗು ಹೋಯ್ ಬಾ ಎಂದಿತು. ಸಂಜೆ ತೋಡಿನ ನೀರು ದಾಟುವ ಸಂಕದ ಹತ್ತಿರ ನಾನೇ ನಿಂತಿರುತ್ತೇನೆ, ಮಗುವನ್ನು ಯಾರಾದರೂ ದೊಡ್ಡ ಮಕ್ಕಳ ಜೊತೆ ಅಲ್ಲಿಯವರೆಗೆ ಕಳಿಸಿ ಎಂದು ಹೇಳಿ ಸೀತು ಮಳೆಯಲ್ಲಿ ಇಳಿದು ಹೋದಳು. ಹರಿಣಾಕ್ಷಿಗೆ ಅವಳು ‘ಬತ್ತೆ’ ಎಂದು ಹೇಳಲಿಲ್ಲ. ಹೇಳಿದ್ದರೆ ತಾನು ಏನೆಂದು ಉತ್ತರ ಕೊಡುತ್ತಿದ್ದೆ?

ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದಾಗ, ಒಂದು ಸಂಜೆ ಪ್ರಯೋಗಶಾಲೆಯ ಬಾಗಿಲಲ್ಲಿ ಅವಳು ಎಂದಿನಂತೆ ‘ಬತ್ತೆ ಸರ್’ ಎಂದಿದ್ದಳು. ಉಡುಪಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಘಟ್ಟದ ಮೇಲಿನಿಂದ ಬಂದಿದ್ದ ಲೆಕ್ಚರರು ತಕ್ಕಡಿಯ ಗಾಜಿನ ಪೆಟ್ಟಿಗೆ ಮುಚ್ಚುತ್ತ ತಲೆ ಎತ್ತಿ, ಭತ್ತವೇ? ಭತ್ತ ತಂದಿದ್ದೀಯೇನಮ್ಮಾ, ಎಷ್ಟು ಮೂಟೆ, ಎಂದಿದ್ದರು. ಹುಡುಗರು ನಕ್ಕರು. ಆಮೇಲೆ ಅವರು ನಗುವನ್ನು ನಿಲ್ಲಿಸಿ, ನೀನು ಹೋಗುತ್ತಿದ್ದೀಯ ತಾನೇ, ಹಾಗಾದರೆ ಹೋಗುತ್ತೇನೆ ಅನ್ನು, ವಿಜ್ಞಾನ ಓದುವವರು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದರು. ಅವರಿಗೆ ಅದು ಒಂದು ಗಳಿಗೆಯ ತಮಾಷೆ. ಅವಳಿಗೆ ಅದು ಕಾಲೇಜು ಮುಗಿಯುವವರೆಗಿನ ಹೆಸರಾಯಿತು. ಕಾರಿಡಾರಿನಲ್ಲಿ ನಡೆದರೆ ಹಿಂದಿನಿಂದ ಯಾರೋ ‘ಭತ್ತದ ಮೂಟೆ ಬಂತು’ ಅನ್ನುವರು. ಅವಳು ನಾಲಿಗೆಯನ್ನು ತಿದ್ದಿಕೊಂಡಳು. ‘ಎಂತ’ ಹೋಗಿ ‘ಏನು’ ಆಯಿತು. ‘ಬಪ್ಪುದು’, ‘ಹೋಪುದು’ ಎಲ್ಲ ಹೋದವು. ರಜೆಯಲ್ಲಿ ಮನೆಗೆ ಬಂದವಳು ‘ಅಬ್ಬಿ’ ಅನ್ನದೆ ‘ಅಮ್ಮ’ ಎಂದಾಗ, ನೆರೆಮನೆಯ ಮಂಜಯ್ಯ, ಹ್ವಾಯ್, ನಿಮ್ ಮಗ್ಳ್ ಪುಸ್ತಕದಂಗೆ ಮಾತಾಡ್ತಲೆ ಎಂದು ಅಬ್ಬಿಯನ್ನು ಕೀಟಲೆ ಮಾಡಿದ್ದ. ಅದು ಹೆಮ್ಮೆಯೋ ಅವಮಾನವೋ ತಿಳಿಯದೆ ಅಬ್ಬಿ ಮುಖ ಒಂಥರ ಮಾಡಿಕೊಂಡಿದ್ದಳು.

ಹಾಗೆ ತಿದ್ದಿದ ನಾಲಿಗೆಯನ್ನು ಹೊತ್ತುಕೊಂಡೇ ಅವಳು ಈ ಕೋಣೆಗೆ ಬಂದದ್ದು. ಒಂದನೆಯ ತರಗತಿ ಕಿಟಕಿಯ ಬದಿಗೆ, ಮೂರನೆಯದು ಗೋಡೆಯ ಬದಿಗೆ, ನಡುವೆ ಅವಳ ಮೇಜು. ಕಳೆದ ಜುಲೈಯಲ್ಲಿ ಇಲ್ಲಿಯೇ ನಿಂತು ಅವಳು ಸತ್ಯದ ಪಾಠ ಮಾಡಿದ್ದಳು. ಕದ್ದು ಮಾವಿನಕಾಯಿ ತಿಂದ ಹುಡುಗನ ಕಥೆ ಎಲ್ಲ ಟೀಚರುಗಳೂ ಹೇಳುತ್ತಾರೆ. ತನ್ನ ಪಾಠ ಬೇರೆಯಾಗಿರಬೇಕು, ಮಕ್ಕಳು ತಾವು ದಿನವೂ ಆಡುವ ಮಾತನ್ನೇ ತೂಗಿ ನೋಡಬೇಕು ಎಂದು ಹಿಂದಿನ ಸಂಜೆಯೆಲ್ಲ ಯೋಚಿಸಿದ್ದಳು. ಮನೆಯಿಂದ ಹೊರಡುವಾಗ ಏನು ಹೇಳುತ್ತೀರಿ ಎಂದು ಕೇಳಿದಳು. ಎಲ್ಲರೂ ಒಟ್ಟಿಗೆ ‘ಬತ್ತೆ’ ಎಂದರು. ಆಗ ನೀವು ಬರುತ್ತಿರುತ್ತೀರೋ, ಹೋಗುತ್ತಿರುತ್ತೀರೋ? ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಮೂರನೆಯ ತರಗತಿಯ ಸಾಲಿನಿಂದ ಗುಲಾಬಿ ಎದ್ದು ನಿಂತಳು. ಏನನ್ನಾದರೂ ಹೇಳುವ ಮೊದಲು ಮೂಗಿನ ಮೇಲೊಮ್ಮೆ ಬೆರಳೊತ್ತಿಕೊಳ್ಳುವ ಹುಡುಗಿ.

“ಹೋಪ್ದ್, ಟೀಚರ್. ಆರೆ ತಿರ್ಗಿ ಬತ್ತಲ್ದಾ?”

“ತಿರುಗಿ ಬರುವುದು ಆಮೇಲಿನ ಮಾತು,” ಎಂದಿದ್ದಳು ಹರಿಣಾಕ್ಷಿ. “ಆಮೇಲಿನದು ನಿನಗೆ ಗೊತ್ತಿದೆಯಾ? ಗೊತ್ತಿಲ್ಲದ್ದನ್ನು ಹೇಳಿದರೆ ಅದು ಸುಳ್ಳು.”

ಎಷ್ಟು ಚೆನ್ನಾಗಿ ಹೇಳಿದೆ ಅನ್ನಿಸಿತ್ತು. ಆ ಕ್ಷಣದ ಸುಖ ಅವಳಿಗೆ ಈಗಲೂ ನೆನಪಿದೆ. ಅದೇ ಅತ್ಯಂತ ಅಸಹ್ಯವಾದದ್ದು. ಗುಲಾಬಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಅವಳ ಮುಖದಲ್ಲಿ ಒಂದು ಪ್ರಶ್ನೆ ಇನ್ನೂ ಉಳಿದಿತ್ತು. ಆದರೆ ಅದಕ್ಕೆ ಮಾತು ಸಿಗದೆ, ಟೀಚರ್ ಹೇಳಿದ್ದು ಸರಿಯೇ ಇರಬೇಕು ಎಂದು ಕುಳಿತಳು. ಹಿಂದಿನ ತಿಂಗಳ ವಿಧೇಯತೆಯ ಚಿತ್ರಪಟ ಸಿಕ್ಕಿದ್ದು ಅವಳಿಗೇ. ರೆಕ್ಕೆಯ ದೇವದೂತ, ಅವನ ಮುಂದೆ ಮುರುಕು ಮರದ ಸೇತುವೆಯ ಮೇಲೆ ಕೈ ಹಿಡಿದು ನಡೆಯುವ ಅಕ್ಕ ತಮ್ಮ, ಕೆಳಗೆ ಕಪ್ಪು ನೀರು. ಇದು ನಮ್ ಸಂಕವೇ ಎಂದು ಗುಲಾಬಿ ಎಲ್ಲರಿಗೂ ತೋರಿಸುತ್ತ ತಿರುಗಿದ್ದಳು. ನಮ್ಮ ಸಂಕಕ್ಕೆ ಹಲಗೆ ಎಲ್ಲಿದೆ, ಎರಡು ತೆಂಗಿನ ಮರ ಅಡ್ಡ ಹಾಕಿದ್ದಷ್ಟೆ ಎಂದು ಭೋಜ ಎಂಬ ಹುಡುಗ ವಾದಿಸಿದ್ದ. ಸತ್ಯದ ಪಾಠ ಆದ ಸಂಜೆಯಿಂದಲೇ ಗಂಟೆಯಾದ ಕೂಡಲೇ ಮಕ್ಕಳು ಎದ್ದು, ಕೈ ಮುಗಿದು, ‘ಹೋಗುತ್ತೇವೆ ಟೀಚರ್’ ಎಂದು ಹಾಡಿದ ಹಾಗೆ ಹೇಳಿ ಹೊರಟರು. ಜಗಲಿಯಲ್ಲಿದ್ದ ಸಿಸ್ಟರ್ ಕೇಳಿ ಮೆಚ್ಚಿ, ಎಲ್ಲ ತರಗತಿಯವರೂ ಹಾಗೇ ಹೇಳಲಿ ಎಂದರು. ಗುಲಾಬಿ ಮನೆಯಲ್ಲೂ ಹೇಳತೊಡಗಿದಳು. ಅವಳು ವಿಧೇಯ ಹುಡುಗಿ.

ಹಾಜರಿ ಕರೆಯಲು ಪುಸ್ತಕ ತೆರೆದಾಗ ಇವತ್ತೂ ಹರಿಣಾಕ್ಷಿಯ ಕಣ್ಣು ಮೊದಲು ಹೋದದ್ದು ಹಿಂದೆ ಗುಲಾಬಿಯ ಹೆಸರು ಇರುತ್ತಿದ್ದ ಸಾಲಿಗೆ. ಕಳೆದ ವರ್ಷ ಅದೇ ತಿಂಗಳು ಮುಗಿಯಲು ಬಂದಿದ್ದ ಒಂದು ಬೆಳಿಗ್ಗೆ, ಗುಲಾಬಿ ಎಂದು ಕರೆದರೆ ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದಳು. ಒಬ್ಬರೂ ತಪ್ಪದೆ ಬಂದ ತರಗತಿಗೆ ತಿಂಗಳ ಕೊನೆಯಲ್ಲಿ ಸಿಸ್ಟರ್ ಲಿಂಬೆಹುಳಿ ಪೆಪ್ಪರ್‌ಮಿಂಟು ಹಂಚುತ್ತಿದ್ದರು. ಅಷ್ಟು ಹತ್ತಿರ ಬಂದದ್ದು ಈ ಹುಡುಗಿಯಿಂದ ತಪ್ಪಿತಲ್ಲ ಎಂದು ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲೇ ಗೈರುಹಾಜರಿಯ ಗುರುತು ಹಾಕಿ, ನಾಳೆ ಬರಲಿ ಕೇಳುತ್ತೇನೆ ಎಂದು ಜೋರಾಗಿ ಹೇಳಿದ್ದಳು. ಆ ಹೊತ್ತಿಗೆ ತೋಡಿನ ಕೆಳಗೆ, ನೀರು ಗದ್ದೆಗೆ ನುಗ್ಗುವ ಕಡೆ, ಮುಂಡುಗದ ಪೊದೆಯ ಬೇರುಗಳಲ್ಲಿ ಗುಲಾಬಿಯ ಲಂಗ ಸಿಕ್ಕಿಕೊಂಡಿತ್ತು. ಹುಲ್ಲು ಕೊಯ್ಯಲು ಹೋಗಿದ್ದ ಚಂದಯ್ಯ ಬೊಬ್ಬೆ ಹಾಕಿದ್ದು ಶಾಲೆಯವರೆಗೆ ಕೇಳಿತ್ತು. ಯಾರದೋ ದನ ಬಿದ್ದಿರಬೇಕು ಎಂದುಕೊಂಡು ಅವಳು ಕಿಟಕಿ ಮುಚ್ಚಿಸಿ ಮಗ್ಗಿ ಮುಂದುವರಿಸಿದ್ದಳು.

ಎಲ್ಲರೂ ಹೋದರು, ಅವಳೂ ಹೋದಳು. ಮಣ್ಣಿನ ಗೋಡೆಯ ಆ ಮನೆಯಲ್ಲಿ ದೇವರ ಮಣೆಯ ಮೇಲೆ ಕೃಷ್ಣನ ಪಟದ ಪಕ್ಕ ಅಂಟಿಸಿದ್ದ ದೇವದೂತನ ಚಿತ್ರ ಅವಳಿಗೆ ಬಾಗಿಲಿನಿಂದಲೇ ಕಂಡಿತು. ಹೆಂಗಸರ ನಡುವೆ ಚಾಪೆಯ ಅಂಚಿನಲ್ಲಿ ಕುಳಿತಳು. ಸೀತು ಅಳುತ್ತಿರಲಿಲ್ಲ, ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಹೋಗುತ್ತೇನೆ ಅಂತು. ಹಂಗೆ ಹೇಳುಕಾಗ ಹೆಣ್ಣೆ, ಬತ್ತೆ ಅನ್ ಅಂದೆ. ಬತ್ತೆ ಅಂದ್ರೆ ಸುಳ್ಳ್ ಅಬ್ಬೀ, ಅಂತು. ನಾನ್ ಹೋಯ್ ಬಾ ಅಂದೆ. ಅದ್ಕೂ ನೆಗಾಡ್ತ್. ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಹೇಳುವಳು. ಇದನ್ನು ಯಾರು ಹೇಳಿಕೊಟ್ಟರೋ ಎಂದು ಗುಣವತಿ ಎಂಬ ಮುದುಕಿ ಗೊಣಗಿದಳು. ಯಾರೂ ಹರಿಣಾಕ್ಷಿಯ ಕಡೆ ನೋಡಲಿಲ್ಲ. ಅಥವಾ ನೋಡಬಾರದೆಂದು ಎಲ್ಲರೂ ನಿಶ್ಚಯಿಸಿದ್ದರು, ಈಗ ಹಾಗನ್ನಿಸುತ್ತದೆ. ಮಳೆಯಲ್ಲಿ ಪಾಚಿ ಕಟ್ಟಿದ ತೆಂಗಿನ ಮರದ ಮೇಲೆ ಒದ್ದೆ ಕಾಲು ಜಾರುತ್ತದೆ, ಅದಕ್ಕೂ ಬಾಯಿಂದ ಬಂದ ಮಾತಿಗೂ ಸಂಬಂಧವಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಕಾರಣ ಬೇರೆ, ಒಂದರ ಹಿಂದೆ ಒಂದು ಬರುವುದು ಬೇರೆ. ಇದನ್ನು ಎಷ್ಟು ಸಲ ಹೇಳಿಕೊಂಡರೂ ಅದು ಸರಿಯೇ ಆಗಿರುತ್ತಿತ್ತು, ಸರಿಯಾಗಿದ್ದೂ ಏನೂ ಪ್ರಯೋಜನವಾಗುತ್ತಿರಲಿಲ್ಲ. ಮಾತಿನಿಂದ ಹುಡುಗಿ ಸಾಯಲಿಲ್ಲ ನಿಜ. ಆದರೆ ತಾಯಿಗೆ ಅವಳು ಬಿಟ್ಟುಹೋದ ಕೊನೆಯ ಮಾತು ಅವಳದಾಗಿರಲಿಲ್ಲ. ಪ್ರಯೋಗಶಾಲೆಯ ಬಾಗಿಲಲ್ಲಿ ಯಾರೋ ನಕ್ಕ ಒಂದು ನಗೆ ತನ್ನ ಮೂಲಕ ಹಾದು, ಆ ಹೊಸ್ತಿಲವರೆಗೆ ಹೋಗಿ ನಿಂತಿತ್ತು. ಆಮೇಲೆ ಆಗಸ್ಟಿನಲ್ಲಿ ಇನ್ಸ್‌ಪೆಕ್ಟರು ಬಂದರು. ಗಂಟೆಯಾದಾಗ ಇಡೀ ಶಾಲೆ ಒಂದೇ ದನಿಯಲ್ಲಿ ‘ಹೋಗುತ್ತೇವೆ’ ಎಂದಿತು. ಈ ಕಡೆಯ ಮಕ್ಕಳ ಬಾಯಲ್ಲಿ ಇಷ್ಟು ಶುದ್ಧ ಕನ್ನಡ ಕೇಳಿರಲಿಲ್ಲ ಎಂದು ಅವರು ಹೊಗಳಿದರು. ಸಿಸ್ಟರ್ ಅವಳ ಕಡೆ ಕೈ ತೋರಿಸಿದರು. ಅವಳು ಕೈ ಮುಗಿದಳು.

ಬೇಡ ಅನ್ನಬೇಕಿದ್ದದ್ದು ಅವತ್ತು. ಅದಾದ ಮೇಲೆ ದಿನವೂ ಸಂಜೆ ಇಷ್ಟು ಮಕ್ಕಳು ಕೈ ಮುಗಿದು ಅವಳ ಮುಖಕ್ಕೇ ಅದನ್ನು ಹೇಳಿ ಹೋಗುತ್ತಾರೆ, ಮರುದಿನ ಬೆಳಿಗ್ಗೆ ಎಲ್ಲರೂ ಬಂದು ಕುಳಿತದ್ದನ್ನು ಕಣ್ಣಿನಿಂದ ಎಣಿಸುವವರೆಗೆ ಅವಳಿಗೆ ಸಮಾಧಾನವಿರುವುದಿಲ್ಲ. ಇವತ್ತು ಆ ಸಾಲಿನಲ್ಲಿ ಅಮ್ಮಣಿಯೂ ನಿಲ್ಲಬೇಕು. ಒಂದನೆಯ ತರಗತಿಯ ತುದಿಯ ಬೆಂಚಿನಲ್ಲಿ ಮಗು ಕಾಲು ನೆಲಕ್ಕೆ ಎಟುಕದೆ ಕುಳಿತಿತ್ತು. ಸ್ಲೇಟಿನ ಮೇಲೆ ‘ರ’ ತಿದ್ದಲು ಕೊಟ್ಟರೆ, ತಿದ್ದುವ ಮೊದಲು ಮೂಗಿನ ಮೇಲೆ ಬೆರಳೊತ್ತಿಕೊಂಡಿತು. ಹರಿಣಾಕ್ಷಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅಂಗಳದ ಆಚೆ ಇಗರ್ಜಿಯ ಗೋಡೆ ಮಳೆ ಕುಡಿದು ಕಪ್ಪಾಗಿತ್ತು. ಎಷ್ಟು ಸಣ್ಣ ಕೆಲಸ, ಅನ್ನಿಸಿತು. ಊಟದ ಹೊತ್ತಿಗೆ ಸಿಸ್ಟರ್ ಹತ್ತಿರ ಹೋಗುವುದು, ಇನ್ನು ಮೇಲೆ ಮಕ್ಕಳು ಮನೆಯಲ್ಲಿ ಹೇಳುವ ಹಾಗೆಯೇ ಹೇಳಲಿ ಅನ್ನುವುದು, ಬರುವುದು.

ಊಟದ ಹೊತ್ತಿಗೆ ಹೋದಳು. ಸಿಸ್ಟರ್ ಪ್ಲಾಸಿಡಾ ನಿಲುವಂಗಿಯ ತೋಳು ಮಡಚಿ, ಅಮೆರಿಕದ ಹಾಲಿನ ಪುಡಿಯನ್ನು ಹಂಡೆಯ ಬಿಸಿನೀರಿನಲ್ಲಿ ಕದಡಿಸುತ್ತ ನಿಂತಿದ್ದರು. ಗಂಟು ಕಟ್ಟದ ಹಾಗೆ ನೋಡಿಕೊಳ್ಳಲು ಅಡಿಗೆಯ ಜಲಜಳಿಗೆ ಮಂಗಳೂರು ಕಡೆಯ ಕನ್ನಡದಲ್ಲಿ ಹೇಳುತ್ತಿದ್ದರು. ಕಷ್ಟದ ಹೆಂಗಸಲ್ಲ. ಕಳೆದ ವರ್ಷ ಗುಲಾಬಿಗಾಗಿ ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚಿಸಿದವರು, ಪಂಚಾಯಿತಿಯವರ ಬೆನ್ನು ಬಿದ್ದು ಸಂಕಕ್ಕೆ ಬಿದಿರಿನ ಹಿಡಿಕೆ ಕಟ್ಟಿಸಿದವರು ಇವರೇ. ಅದೇ ಕಷ್ಟ. ಗಟ್ಟಿ ಮನಸ್ಸಿನವರಾಗಿದ್ದರೆ ಜಗಳವಾಡಬಹುದಿತ್ತು. ಸೀತುವಿನ ಎರಡನೆಯ ಮಗಳು ಸೇರಿದಳಂತೆ, ಎಷ್ಟು ಒಳ್ಳೆಯದಾಯಿತು, ನಿಮ್ಮ ಮೇಲೆ ಅವರಿಗೆ ವಿಶ್ವಾಸ ಎಂದರು ಸಿಸ್ಟರ್. ಹರಿಣಾಕ್ಷಿ ಬಾಯಿ ತೆರೆದಳು. ಸಂಜೆ ಮಕ್ಕಳು ಹೇಳುತ್ತಾರಲ್ಲ ಸಿಸ್ಟರ್, ಎಂದಳು. ಹೌದು, ಎಷ್ಟು ಚೆಂದ, ಮೊನ್ನೆ ಬಂದಿದ್ದ ಪಾದ್ರಿಗಳೂ ಕೇಳಿ ಸಂತೋಷಪಟ್ಟರು ಎಂದು ಅವರು ತಿರುಗಿದರು. ಯಾಕೆ, ಅದಕ್ಕೇನಾಯಿತು? ಅವರ ಕನ್ನಡಕದ ಮೇಲೆ ಹಂಡೆಯ ಹಬೆ ಕಟ್ಟಿ ಕಣ್ಣು ಕಾಣುತ್ತಿರಲಿಲ್ಲ. ಏನೆಂದು ಹೇಳುವುದು? ಅದು ಅಪಶಕುನ ಎಂದೇ? ಗ್ರಹಣದ ದಿನ ಊಟ ಬಿಡುವ ಮಕ್ಕಳಿಗೆ ಸೂರ್ಯ ಚಂದ್ರರ ಚಿತ್ರ ಬರೆದು ವಿವರಿಸಿದವಳು ತಾನು. ಹೇಳಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಸೀತು ಬೆಳಿಗ್ಗೆ ಕೇಳಿದ್ದನ್ನು ಹೇಳಬೇಕು. ಅದನ್ನು ಹೇಳಿದರೆ ಈ ಹೆಂಗಸು ಖಂಡಿತ ತನ್ನ ಕೈ ಹಿಡಿದು, ಅಯ್ಯೋ ಟೀಚರ್, ನಿಮ್ಮ ತಪ್ಪು ಏನೂ ಇಲ್ಲ ಅನ್ನುತ್ತಾಳೆ. ಅದನ್ನು ಕೇಳಲು ಅವಳಿಂದ ಆಗದು.

“ಏನಿಲ್ಲ ಸಿಸ್ಟರ್,” ಎಂದಳು. “ಹಾಲಿನ ಪುಡಿಯ ಖಾಲಿ ಡಬ್ಬ ಒಂದು ಬೇಕಿತ್ತು, ಸೀಮೆಸುಣ್ಣ ಹಾಕಿಡಲು.”

ಡಬ್ಬ ಹಿಡಿದುಕೊಂಡು ಅವಳು ಅಂಗಳ ದಾಟಿದಳು. ಡಬ್ಬದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡ ಚಿತ್ರ ಇತ್ತು.

ಮಧ್ಯಾಹ್ನ ಮೂರನೆಯ ತರಗತಿಗೆ ಆವಿಯ ಪಾಠ. ನೀರು ಕಾಯುತ್ತದೆ, ಕಣ್ಣಿಗೆ ಕಾಣದೆ ಮೇಲೆ ಹೋಗುತ್ತದೆ, ಮೋಡವಾಗುತ್ತದೆ, ಮಳೆಯಾಗಿ ಬರುತ್ತದೆ. ಅವಳಿಗೆ ಇಷ್ಟವಾದ ಪಾಠ ಇದು. ಹಲಗೆಯ ಮೇಲೆ ಕಡಲು, ಬಾಣದ ಗುರುತು, ಗುಡ್ಡ ಎಲ್ಲ ಬರೆಯುತ್ತ ಕೈ ತಾನಾಗಿಯೇ ನಡೆಯಿತು. ಭೋಜ ಈ ವರ್ಷ ನಾಲ್ಕಕ್ಕೆ ಹೋಗಿದ್ದ; ಅವನ ಜಾಗದಲ್ಲಿ ಕುಳಿತಿದ್ದ ಅವನ ತಂಗಿ ಗೋಪಿ, ಹೋದ ನೀರೇ ಬತ್ತಾ ಟೀಚರ್, ಬೇರೆಯದಾ ಎಂದು ಕೇಳಿದಳು. ಬಾಣದ ತುದಿಯಲ್ಲಿ ಸೀಮೆಸುಣ್ಣ ನಿಂತಿತು. ಅದು ಹೇಳಲು ಬರುವುದಿಲ್ಲ ಎಂದಳು ಹರಿಣಾಕ್ಷಿ. ಹಾಗೆ ಉತ್ತರ ಕೊಡುವ ಟೀಚರನ್ನು ಮಕ್ಕಳು ನೋಡಿರಲಿಲ್ಲ. ಕಿಟಕಿಯ ಬದಿಯಲ್ಲಿ ಅಮ್ಮಣಿ ಸ್ಲೇಟನ್ನು ಬಿಟ್ಟು, ದೊಡ್ಡವರ ಪಾಠದ ಚಿತ್ರವನ್ನೇ ಬಾಯಿ ತೆರೆದು ನೋಡುತ್ತಿತ್ತು.

ಗಂಟೆ ಹತ್ತಿರವಾದಂತೆ ಅವಳಿಗೆ ಒಂದು ಉಪಾಯ ಹೊಳೆಯಿತು. ಹೇಡಿಯ ಉಪಾಯ ಎಂದು ಗೊತ್ತಾಯಿತು, ಆದರೂ ಹೊಳೆದದ್ದಕ್ಕೆ ಸಮಾಧಾನವಾಯಿತು. ಮಕ್ಕಳಿಗೆ ಬೇಡ ಅನ್ನುವುದಕ್ಕಿಂತ ಈ ಒಂದು ಮಗುವನ್ನು ಹೊರಗೆ ಕಳಿಸುವುದು ಸುಲಭ. ಅಮ್ಮಣಿಯನ್ನು ಹತ್ತಿರ ಕರೆದು, ಜಗಲಿಯ ತುದಿಯಲ್ಲಿ ನನ್ನ ಕೊಡೆ ಇದೆ, ಅದರ ಹತ್ತಿರ ನಿಂತಿರು, ನಾನೇ ಬಂದು ಸಂಕದವರೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಮಗು ಸ್ಲೇಟನ್ನು ಎದೆಗೆ ಹಿಡಿದು ಹೊರಟಿತು. ಬಾಗಿಲಲ್ಲಿ ತಿರುಗಿ ಬೆಂಚಿನ ಗೆಳತಿಯರನ್ನು ನೋಡಿತು. ಗಂಟೆ ಹೊಡೆಯಿತು. ಮಕ್ಕಳು ಎದ್ದು ನಿಂತು ಕೈ ಮುಗಿದರು. ಅದೇ ಹೊತ್ತಿಗೆ ಜಗಲಿಯಲ್ಲಿ ಜಪಮಾಲೆಯ ಸದ್ದು. ಹೊಸ ಗುಣದ ಮೊದಲ ದಿನವಾದ್ದರಿಂದ ಸಿಸ್ಟರ್ ಒಂದೊಂದೇ ತರಗತಿಯ ಬಾಗಿಲಿಗೆ ಬರುತ್ತಿದ್ದರು. ‘ಹೋಗುತ್ತೇವೆ ಟೀಚರ್’ ಎಂದು ಮಕ್ಕಳು ರಾಗ ಎಳೆದರು. ಹರಿಣಾಕ್ಷಿ ಕೈ ಮುಗಿದು ಉಸಿರು ಬಿಟ್ಟಳು. ಆ ರಾಗ ಇನ್ನೂ ಮುಗಿಯುವ ಮೊದಲೇ ಹೊರಗಿನಿಂದ ಓಡುವ ಕಾಲಿನ ಸದ್ದು ಕೇಳಿತು. ತನ್ನನ್ನು ಬಿಟ್ಟು ಎಲ್ಲರೂ ಏನೋ ಹೇಳುತ್ತಿದ್ದಾರೆ, ತಾನು ತಪ್ಪಿಸಿಕೊಂಡೆ ಎಂದು ಹೆದರಿದ ಮಗು ಸಿಸ್ಟರ್ ಪಕ್ಕದಲ್ಲಿ ನುಸುಳಿ ಬಾಗಿಲಲ್ಲಿ ನಿಂತು, ಸ್ಲೇಟನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿಯಿತು. ಬಿಡುವಿನ ಹೊತ್ತಿನಲ್ಲಿ ಗೋಪಿ ಕಲಿಸಿದ್ದಿರಬೇಕು.

“ಹೋಗುತ್ತೇನೆ, ಟೀಚರ್,” ಎಂದಿತು. ಒಂದೇ ದನಿ. ಒಂದಕ್ಷರವೂ ತಪ್ಪಲಿಲ್ಲ.

ಸಿಸ್ಟರ್ ಕೈ ತಟ್ಟಿದರು. ಮೊದಲನೆಯ ದಿನವೇ, ಎಂದರು. ಜೇಬಿಗೆ ಕೈ ಹಾಕಿ ರಬ್ಬರು ಹಾಕಿದ ಕಟ್ಟಿನಿಂದ ಮೇಲಿನ ಚಿತ್ರಪಟ ಎಳೆದು ಮಗುವಿನ ಕೈಗಿಟ್ಟರು. ರೋಮಿನಿಂದ ಕಟ್ಟುಗಟ್ಟಲೆ ಬಂದ ಪಟಗಳು, ಒಂದು ಕಟ್ಟಿನಲ್ಲಿ ನಾಲ್ಕಾರು ಬಗೆ ಅಷ್ಟೆ. ಯಾವುದು ಯಾರಿಗೆ ಹೋಯಿತೆಂದು ಅವರಿಗೆ ನೆನಪಿರಬೇಕೆಂದು ಹೇಳುವುದು ಅನ್ಯಾಯ. ರೆಕ್ಕೆ, ಮುರುಕು ಸೇತುವೆ, ಕಪ್ಪು ನೀರು. ನಮ್ಮಲ್ಲೂ ಇದ್ ಇತ್ತ್, ಅಕ್ಕಂದ್, ಎಂದು ಅಮ್ಮಣಿ ಸಿಸ್ಟರಿಗೆ ಹೇಳಿತು. ಸಿಸ್ಟರ್ ನಗುವನ್ನು ಅರ್ಧಕ್ಕೆ ನಿಲ್ಲಿಸಿ, ಹರಿಣಾಕ್ಷಿಯನ್ನು ನೋಡಿದರು. ಹರಿಣಾಕ್ಷಿ ಮೇಜಿನ ಮೇಲಿದ್ದ ಸೀಮೆಸುಣ್ಣಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕುತ್ತಿದ್ದಳು.

ಮಳೆ ಹನಿಯಷ್ಟಕ್ಕೆ ಇಳಿದಿತ್ತು. ಗದ್ದೆಯ ಅಂಚಿನ ಮೇಲೆ ಮುಂದೆ ಮಗು, ಹಿಂದೆ ಅವಳು. ಚಿತ್ರಪಟ ಒದ್ದೆಯಾದೀತು, ನಾನು ಹಿಡಿದುಕೊಳ್ಳುತ್ತೇನೆ ಕೊಡು ಎಂದು ಎರಡು ಸಲ ಕೇಳಿದಳು. ಕೊಟ್ಟಿದ್ದರೆ ಏನು ಮಾಡುತ್ತಿದ್ದಳೋ, ಬಹುಶಃ ಮಡಚಿ ರವಿಕೆಯೊಳಗೆ ಹಾಕಿ ಮರೆತಂತೆ ನಟಿಸುತ್ತಿದ್ದಳು. ಮಗು ಕೊಡಲಿಲ್ಲ, ಲಂಗದ ಮಡಿಕೆಯೊಳಗೆ ಮುಚ್ಚಿಕೊಂಡಿತು. ದಾರಿಯುದ್ದಕ್ಕೂ ಅದು ಕಲಿತದ್ದನ್ನೆಲ್ಲ ಒಪ್ಪಿಸುತ್ತ ನಡೆಯಿತು. ರ, ಗ, ಸ, ಮಳೆ ಕಡಲಿನಿಂದ ಬರುವುದು, ಮತ್ತೆ ಆ ಮಾತು. ಅದನ್ನು ಹೇಳಬೇಡ ಎಂದು ಈಗಲಾದರೂ ಹೇಳಬಹುದಿತ್ತು. ಶಾಲೆಯಲ್ಲಿ ಮೆಚ್ಚಿದ್ದನ್ನು ದಾರಿಯಲ್ಲಿ ತಪ್ಪು ಅನ್ನುವ ಟೀಚರನ್ನು ಮಗು ನಂಬಬೇಕಾದರೂ ಹೇಗೆ ಎಂದು ತನ್ನೊಳಗೆ ಒಂದು ದನಿ ವಾದ ಹೂಡಿತು. ಅವಳಿಗೆ ಆ ದನಿಯ ಪರಿಚಯವಿತ್ತು. ಅದು ಯಾವಾಗಲೂ ಸರಿಯಾದದ್ದನ್ನೇ ಹೇಳುತ್ತದೆ.

ತೋಡು ಕೆಂಪಾಗಿ ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಗೊರಬಿನೊಳಗೆ ಸೀತು ನಿಂತಿದ್ದಳು. ಮಗಳನ್ನು ಕಂಡದ್ದೇ ಸಂಕದ ಮೇಲೆ ಬಂದು, ಒಂದು ಕೈ ಬಿದಿರಿನ ಹಿಡಿಕೆಗೆ, ಇನ್ನೊಂದು ಮಗುವಿನ ರಟ್ಟೆಗೆ ಕೊಟ್ಟು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ದಾಟಿಸಿಕೊಂಡಳು. ನೀರಿನ ಕಡೆ ಒಮ್ಮೆಯೂ ನೋಡಲಿಲ್ಲ, ಮಗುವಿನ ಪಾದಗಳನ್ನು ಮಾತ್ರ ನೋಡಿದಳು. ಆ ದಡ ಮುಟ್ಟಿದ ಮೇಲೆ ಎಂತ ಕಲ್ತೆ ಹೆಣ್ಣೆ ಎಂದು ಕೇಳಿದ್ದು ಈ ದಡಕ್ಕೆ ಕೇಳಿಸಿತು. ಮಗು ಏನು ಹೇಳಿತೆಂದು ಕೇಳಿಸಲಿಲ್ಲ. ಆದರೆ ಅದು ಸ್ಲೇಟನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದದ್ದು ಕಂಡಿತು. ಆಮೇಲೆ ಲಂಗದ ಮಡಿಕೆಯಿಂದ ಪಟ ತೆಗೆದು ತಾಯಿಗೆ ಕೊಟ್ಟದ್ದು ಕಂಡಿತು.

ಸೀತು ಅದನ್ನು ಹರಿಯಲಿಲ್ಲ, ನೀರಿಗೆ ಎಸೆಯಲಿಲ್ಲ. ಮೇಲೆ ಬಿದ್ದ ಹನಿಯನ್ನು ಸೆರಗಿನಿಂದ ಒತ್ತಿ ಒರಸಿದಳು. ಬಹಳ ಹೊತ್ತು ಹಿಡಿದು ನೋಡಿ, ತಲೆ ಎತ್ತಿ ಈ ದಡವನ್ನು ನೋಡಿದಳು. ಸಿಟ್ಟಿನ ಮುಖವಾಗಿದ್ದರೆ ಹರಿಣಾಕ್ಷಿ ಅದನ್ನು ತಡೆದುಕೊಳ್ಳುತ್ತಿದ್ದಳು. ಅದು ಕೇಳಬಾರದ ಕಡೆ ಒಂದು ಸಲ ಕೇಳಿ ನೋಡಿದವರ ಮುಖವಾಗಿತ್ತು.

ಏನಾದರೂ ಹೇಳಬೇಕಿತ್ತು. ನಾಳೆ, ಸೋಮವಾರ, ಸಿಸ್ಟರ್, ನಾನು, ಎಂದೆಲ್ಲ ಮಾತುಗಳು ಬಂದು ಗಂಟಲಿನ ಹತ್ತಿರ ತಿದ್ದಿಸಿಕೊಳ್ಳುತ್ತ ನಿಂತವು. ಅವನ್ನೆಲ್ಲ ತಳ್ಳಿಕೊಂಡು, ಎಷ್ಟೋ ವರ್ಷದ ಹಿಂದೆ ಬೀಗ ಹಾಕಿದ ಕೋಣೆಯಿಂದ ಬಂದ ಹಾಗೆ, ಅವಳಿಗೇ ಗುರುತು ಸಿಗದ ದನಿಯಲ್ಲಿ ಒಂದು ಶಬ್ದ ಹೊರಗೆ ಬಿತ್ತು.

“ಬತ್ತೆ,” ಎಂದಳು ಹರಿಣಾಕ್ಷಿ.

ತೋಡಿನ ಆಚೆ ಸೀತುವಿನ ತುಟಿ ಅಲುಗಿತು.

“ಹೋಯ್ನಿ,” ಎಂದಳು.

ಹರಿಣಾಕ್ಷಿ ಹಿಡಿಕೆಯ ಬಿದಿರನ್ನು ಹಿಡಿದುಕೊಂಡು ಉಳಿದ ಮಾತಿಗಾಗಿ ಕಾದಳು. ಹೋಗುವವರಿಗೆ ಈ ಊರಿನಲ್ಲಿ ಯಾರೂ ಬರೀ ಹೋಗಿ ಎಂದು ಅಷ್ಟಕ್ಕೇ ನಿಲ್ಲಿಸುವುದಿಲ್ಲ, ಶತ್ರುವಿಗೂ ‘ಹೋಯ್ ಬನ್ನಿ’ ಅನ್ನುತ್ತಾರೆ. ಸೀತು ಮಗುವನ್ನು ಗೊರಬಿನೊಳಗೆ ಎಳೆದುಕೊಂಡು ಬೆನ್ನು ತಿರುಗಿಸಿದಳು. ನಾಲ್ಕು ಕಾಲುಗಳು ಗದ್ದೆಯ ಅಂಚು ಹಿಡಿದವು. ನೀರು ಎಷ್ಟೊಂದು ಸದ್ದು ಮಾಡುತ್ತಿದೆ, ಆ ಇನ್ನೊಂದು ಮಾತು ಹೇಳಿದ್ದಾಳೆ, ನೀರಿನಲ್ಲಿ ಹೋಯಿತು ಎಂದು ನಂಬಲು ನೋಡಿದಳು. ಆದರೆ ಅಷ್ಟೇ ಸದ್ದಿನಲ್ಲಿ, ಅದೇ ಬಾಯಿಂದ, ಅದೇ ದೂರಕ್ಕೆ, ಮೊದಲನೆಯ ಮಾತು ಸ್ಪಷ್ಟವಾಗಿ ಕೇಳಿತ್ತು. ಒಂದು ಕೇಳಿದ ಮೇಲೆ ಇನ್ನೊಂದೂ ಕೇಳಬೇಕಿತ್ತು. ಅದನ್ನು ಅಲ್ಲಗಳೆಯಲು ಅವಳು ಕಲಿತ ವಿದ್ಯೆಯಲ್ಲಿ ಎಲ್ಲಿಯೂ ದಾರಿ ಇರಲಿಲ್ಲ. ಗೊರಬು ಹಲಸಿನ ಮರದ ಆಚೆ ಮರೆಯಾಯಿತು.

ಆದರೂ ಅವಳು ಅಲ್ಲೇ ನಿಂತು ಕಾದಳು.